ಅರವತ್ತು ವರ್ಷದ ಬೀಗ

ಕೆಂಚನಗುಡ್ಡದಲ್ಲಿ ಮಾಗುಂಡಪ್ಪನಷ್ಟು ಚೊಕ್ಕವಾಗಿ ರಟ್ಟು ಹೊಡೆಯುವವರು ಇನ್ನೊಬ್ಬರಿರಲಿಲ್ಲ. ರಟ್ಟು ಹೊಡೆಯುವುದು ಅಂದರೇನು? ಸೀರೆ ಉಡುವವರಿಗೂ ಗೊತ್ತಿರುವುದಿಲ್ಲ, ಮಾರುವವರಿಗೂ ಗೊತ್ತಿರುವುದಿಲ್ಲ. ಹೇಳುತ್ತೇನೆ, ಕೇಳಿ. ಸೀರೆಯ ಅಂಚಿನಲ್ಲಿ ಹೂವೋ ಹಕ್ಕಿಯೋ ಮೂಡಬೇಕಾದರೆ ಮೊದಲು ಅದನ್ನು ಚೌಕದ ಹಾಳೆಯ ಮೇಲೆ ಬರೆಯಬೇಕು. ಆಮೇಲೆ ಹಾಳೆಯ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಪಟ್ಟಿ ತೆಗೆದುಕೊಂಡು, ಯಾವ ಎಳೆ ಮೇಲೇಳಬೇಕೋ ಅಲ್ಲಿ ತೂತು ಹೊಡೆಯಬೇಕು. ಆ ರಟ್ಟುಗಳನ್ನು ದಾರದಿಂದ ಮಾಲೆಯಂತೆ ಕಟ್ಟಿ ಮಗ್ಗದ ತಲೆಗೆ ಏರಿಸಿದರೆ, ಮಗ್ಗ ಅದನ್ನು ಓದಿಕೊಂಡು ಹೂವು ನೇಯುತ್ತದೆ. ಒಂದು ಅಂಚಿಗೆ ನಾನೂರು ರಟ್ಟು. ಮೂರು ವಾರದ ಕೆಲಸ. ಒಂದೇ ಒಂದು ತೂತು ತಪ್ಪಿದರೂ ಸೀರೆಯುದ್ದಕ್ಕೂ ಹಕ್ಕಿಯ ಕತ್ತು ಮುರಿದಿರುತ್ತದೆ.

ಹದಿನಾರನೆಯ ವಯಸ್ಸಿನಿಂದ ಇದೇ ಕೆಲಸ ಮಾಡಿ ಮಾಡಿ ಮಾಗುಂಡಪ್ಪನಿಗೆ ಸಾಕಾಗಿ ಹೋಗಿತ್ತು. ಎಲ್ಲಿಂದಲೋ ಒಂದು ಹಳೆಯ ಕಂಪ್ಯೂಟರ್ ತಂದ. ಅವನು ಓದಿದ್ದು ಹತ್ತನೆಯ ತರಗತಿ. ಪುಸ್ತಕ ಮುಂದಿಟ್ಟುಕೊಂಡು, ಬಲ್ಲವರ ಬೆನ್ನು ಬಿದ್ದು ಕೇಳಿ, ನಾಲ್ಕು ವರ್ಷ ಕೂತು ಒಂದು ಪ್ರೋಗ್ರಾಂ ಬರೆದ. ಪರದೆಯ ಮೇಲೆ ಅಂಚು ಬರೆದರೆ ಸಾಕು, ಯಾವ ರಟ್ಟಿನಲ್ಲಿ ಎಲ್ಲಿ ತೂತು ಬೀಳಬೇಕೆಂದು ಅದೇ ಲೆಕ್ಕ ಹಾಕಿ, ಪಕ್ಕದಲ್ಲಿಟ್ಟ ತೂತುಯಂತ್ರಕ್ಕೆ ಹೇಳಿ ಹೊಡೆಸುತ್ತಿತ್ತು. ಮೂರು ವಾರದ ಕೆಲಸ ಒಂದು ಮಧ್ಯಾಹ್ನಕ್ಕೆ ಇಳಿಯಿತು. ಊರವರು ಖುಷಿಯಿಂದ ಅದಕ್ಕೆ ರಟ್ಟವ್ವ ಅಂತ ಹೆಸರಿಟ್ಟರು.

ರಟ್ಟವ್ವ ಹೊಡೆದ ಮೊದಲ ರಟ್ಟುಮಾಲೆ ಏರಿದ್ದು ಎದುರು ಮನೆಯ ದಾನವ್ವನ ಮಗ್ಗಕ್ಕೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು ಆಕೆ. ಎರಡು ಮಗ್ಗ ಬಿಟ್ಟರೆ ಆಕೆಗೆ ಬೇರೆ ಗತಿಯಿರಲಿಲ್ಲ. ಹುಣಸೆಹೂವಿನ ಅಂಚು ಒಂದು ಎಳೆಯೂ ತಪ್ಪದೆ ಇಳಿದು ಬಂದಾಗ ದಾನವ್ವ ಕಣ್ಣಿಗೊತ್ತಿಕೊಂಡಳು. "ಅಣ್ಣಾ, ನಮ್ಮಂಥೋರ ಹೊಟ್ಟಿ ತಣ್ಣಗ ಮಾಡಿದ್ರಿ" ಅಂದಳು. ಮಾಗುಂಡಪ್ಪನ ಎದೆಯುಬ್ಬಿತು. ಉಬ್ಬಬೇಕಾದದ್ದೇ, ಅದರಲ್ಲಿ ತಪ್ಪೇನೂ ಇಲ್ಲ.

ಈಗ ಆ ಊರಿನ ಒಂದು ಪದ್ಧತಿ ಹೇಳಬೇಕು. ಕೆಂಚನಗುಡ್ಡದಲ್ಲಿ ಯಾರಾದರೂ ಹೊಸ ಅಂಚು ಕಟ್ಟಿದರೆ, ಮುಂದಿನ ದೀಪಾವಳಿಯವರೆಗೆ ಅದು ಆ ಮನೆಯದು. ಬೇರೆ ಯಾರೂ ನೇಯುವಂತಿಲ್ಲ. ನೇಯ್ದರೆ ಊರೇ ಛೀಮಾರಿ ಹಾಕುತ್ತಿತ್ತು. ಆದರೆ ಪಾಡ್ಯದ ದಿನ ಆ ಮನೆಯವರು ತಮ್ಮ ರಟ್ಟುಮಾಲೆಯನ್ನು ತಂದು ನೇಕಾರರ ಸಂಘದ ಗೋಡೆಗೆ ತೂಗುಹಾಕಬೇಕು. ಅಂದಿನಿಂದ ಅದು ಎಲ್ಲರದು. ಊರಿನ ಅರವತ್ತೆಪ್ಪತ್ತು ಅಂಚುಗಳೂ ಹಾಗೆ ಗೋಡೆಯಿಂದ ಇಳಿದು ಬಂದವೇ. ಮಾಗುಂಡಪ್ಪ ರಟ್ಟವ್ವನೊಳಗೆ ತುಂಬಿದ್ದ ಅಂಚುಗಳೂ ಅವೇ.

ಸಂಘದ ಹಿರಿಯ ಸೋಮಲಿಂಗಜ್ಜ ಅವನನ್ನು ಕರೆಸಿದ.

"ಮಾಗುಂಡಪ್ಪಾ, ನಿಂದು ಬರೇ ಅಂಚಲ್ಲ, ದೊಡ್ಡ ಕೆಲಸ. ಒಂದು ದೀಪಾವಳಿ ಸಾಲೂದಿಲ್ಲ. ಐದು ದೀಪಾವಳಿ ನಿಂದ ಇರಲಿ. ಬೇಕಾದವರು ನಿನ್ನ ಕೈಯಾಗ ರೊಕ್ಕ ಕೊಟ್ಟು ತಗೊಳ್ಳಲಿ. ಆರನೇ ಪಾಡ್ಯಕ್ಕ ಅದರ ಒಳಬರಹ ತಂದು ಇಲ್ಲಿ ಇಡು. ನಾಳೆ ಅದು ಕೆಟ್ಟರ ಯಾರರೆ ರಿಪೇರಿ ಮಾಡ್ತಾರ."

ಒಳಬರಹ ಅಂದರೆ ಪ್ರೋಗ್ರಾಂ ಬರೆದವನು ತನ್ನ ಕೈಯಾರೆ ಬರೆದ ಸಾಲುಗಳು. ಅವಿಲ್ಲದೆ ಅದನ್ನು ತಿದ್ದಲಾಗದು, ಸುಧಾರಿಸಲಾಗದು.

ಮಾಗುಂಡಪ್ಪನಿಗೆ ಮೈಯೆಲ್ಲ ಉರಿದುಹೋಯಿತು. "ನಾಕು ವರ್ಷ ಹಗಲೂ ರಾತ್ರಿ ಕಣ್ಣು ಸುಟಗೊಂಡೀನ್ರಿ ಅಜ್ಜಾರ. ಹದಿನೆಂಟು ಮೊಳದ ಸೀರಿ ನೇದು ತಂದ್ರ ಐದು ಮೊಳ ಇಟ್ಟುಕೊಂಡು ಉಳಿದದ್ದು ಹರದು ಕೊಡು ಅಂತೀರಲ್ಲ!" ಅಂದ. ಎದ್ದು ಬಂದ.

ಆ ಮಾತನ್ನು ಸ್ವಲ್ಪ ಗಮನಿಸಿ. ಅಲ್ಲೇ ಅವನು ಎಡವಿದ್ದು. ಹುಟ್ಟಿದಾಗಿನಿಂದ ಅವನು ಬೆಲೆ ಕಟ್ಟಿದ್ದೆಲ್ಲ ಉದ್ದ ನೋಡಿ. ಹದಿನಾರು ಮೊಳಕ್ಕೆ ಒಂದು ಬೆಲೆ, ಹದಿನೆಂಟು ಮೊಳಕ್ಕೆ ಇನ್ನೊಂದು. ಹಾಗೆಯೇ ವರ್ಷಗಳನ್ನೂ ಅವನು ಮೊಳ ಹಾಕಿ ಅಳೆದ. ಹಕ್ಕು ಉದ್ದವಿದ್ದಷ್ಟು ಬೆಲೆ ಜಾಸ್ತಿ, ಮರ್ಯಾದೆ ಜಾಸ್ತಿ ಅಂತ ತಿಳಿದ. ಬೇರೆ ಯಾವ ಕಸುಬಿನವನಾದರೂ ಒಂದು ಗಳಿಗೆ ನಿಂತು ಯೋಚಿಸುತ್ತಿದ್ದನೇನೋ, ನೇಕಾರ ಯೋಚಿಸಲಿಲ್ಲ.

ಊರಲ್ಲಿ ದುಂಡಪ್ಪ ಸಾಹುಕಾರ ಅಂತ ಒಬ್ಬ ವ್ಯಾಪಾರಿಯಿದ್ದ. ಅವನು ಮರುದಿನವೇ ಮನೆಗೆ ಬಂದು ಚಾಪೆಯ ಮೇಲೆ ಕೂತ. ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಿಬಿಡಬೇಕು. ಸಾಹುಕಾರ ಮೋಸಗಾರನಲ್ಲ. ಕಥೆ ಅಂದಕೂಡಲೇ ಸಾಹುಕಾರನೇ ಕಳ್ಳ ಅಂತ ನೀವು ಆಗಲೇ ತೀರ್ಮಾನಿಸಿರುತ್ತೀರಿ, ಗೊತ್ತು ನನಗೆ.

"ಇದರ ಹಕ್ಕು ಹತ್ತು ವರ್ಷಕ್ಕ ಬರಕೊಡು ಮಾಗುಂಡಪ್ಪಾ. ಹತ್ತು ವರ್ಷದಾಗ ನಾ ಹಾಕಿದ್ದು ಹೊಳ್ಳಿ ಬರ್ತೈತಿ. ಆಮ್ಯಾಲ ನಿನ್ನ ರಟ್ಟವ್ವ ನಿನಗ" ಅಂದ ಸಾಹುಕಾರ.

"ಅದೇನ್ ತುಂಡು ಸೀರೇನ್ರಿ ಸಾಹುಕಾರ್ರ?" ಅಂದ ಮಾಗುಂಡಪ್ಪ. "ಕಾಯ್ದೇದಾಗ ಎಷ್ಟು ಐತಿ?"

"ಕಾಯ್ದೇದಾಗೇನು, ಬರದಾಂವ ಇರೋತನಕ. ಅಂವ ಹೋದಮ್ಯಾಲ ಅರವತ್ತು ವರ್ಷ."

"ಮತ್ತ? ಅಷ್ಟೂ ಹಾಕ್ರಿ. ಪೂರಾ ಹಾಕ್ರಿ. ಒಂದು ದಿನಾನೂ ಕಡಿಮಿ ಮಾಡಬ್ಯಾಡ್ರಿ."

ಸಾಹುಕಾರ ನಕ್ಕ. ಬೇಡ ಅನ್ನಲು ಅವನಿಗೇನು ಹುಚ್ಚೇ? ಹತ್ತು ವರ್ಷಕ್ಕೆ ಕೊಡಬೇಕೆಂದಿದ್ದ ಬೆಲೆಗೆ ಚೂರು ಸೇರಿಸಿ ಕೊಟ್ಟ. ಕಾಗದವಾಯಿತು. ಒಳಬರಹವೆಲ್ಲ ಸಾಹುಕಾರನಿಗೆ ಸೇರಬೇಕು, ಮಾಗುಂಡಪ್ಪ ಒಂದು ಪ್ರತಿಯನ್ನೂ ಇಟ್ಟುಕೊಳ್ಳಬಾರದು, ಹಕ್ಕು ಇರುವವರೆಗೆ ಅಂಥದ್ದು ಇನ್ನೊಂದು ಬರೆಯಬಾರದು ಅಂತ ಬರೆದಿತ್ತು. ಮಾಗುಂಡಪ್ಪ ಹನ್ನೆರಡು ಫ್ಲಾಪಿಗಳಲ್ಲಿ ತುಂಬಿದ್ದ ಒಳಬರಹವನ್ನು ಅರಿಶಿನ ಕುಂಕುಮ ಹಚ್ಚಿ ಒಪ್ಪಿಸಿದ. ಮನೆಯ ಕಂಪ್ಯೂಟರಿನಲ್ಲಿದ್ದದ್ದನ್ನು ತಾನೇ ಅಳಿಸಿದ. ಮಾತಿಗೆ ತಪ್ಪುವ ಮನುಷ್ಯನಲ್ಲ ಅವನು. ಅಂದು ಸಂಜೆ ದಾನವ್ವನ ಮನೆಗೆ ಪೇಡೆ ಕಳಿಸಿ, "ನಾ ಸತ್ತು ಅರವತ್ತು ವರ್ಷ ಆದರೂ ನನ್ನ ಕೆಲಸಕ್ಕ ಕಾವಲು ಐತಿ" ಅಂತ ಹೇಳಿಕೊಂಡ. ಅವನಿಗೆ ಆಗ ನಲವತ್ತು ವರ್ಷ.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ನಲವತ್ತು ಮನೆಗಳಲ್ಲಿ ರಟ್ಟವ್ವ ಕೂತಳು. ಕೈಯಿಂದ ರಟ್ಟು ಹೊಡೆಯುವ ಕಷ್ಟ ಯಾರಿಗೆ ಬೇಕು? ಹಳಬರು ಉಳಿ ಸುತ್ತಿಗೆ ಕೆಳಗಿಟ್ಟರು. ಹೊಸಬರು ಕಲಿಯಲೇ ಇಲ್ಲ. ಸಂಘದ ಗೋಡೆಯ ಹಳೆಯ ಮಾಲೆಗಳನ್ನು ಗೆದ್ದಲು ತಿಂದರೂ ಯಾರೂ ತಿರುಗಿ ನೋಡಲಿಲ್ಲ. ಎಂಟು ವರ್ಷವಾಯಿತು. ಅಷ್ಟರಲ್ಲಿ ಸಾಹುಕಾರನಿಗೆ ಹೊರಗಿನ ದೊಡ್ಡ ಕಂಪನಿಯೊಂದರ ದೊಡ್ಡ ಪ್ರೋಗ್ರಾಂ ಮಾರುವ ಏಜೆನ್ಸಿ ಸಿಕ್ಕಿತು. ಅದು ಗಿರಣಿಗಳಿಗೆ ಮಾಡಿದ್ದು. ನಮ್ಮ ಹಳೆಯ ಮಗ್ಗಗಳ ರಟ್ಟು ಅದಕ್ಕೆ ತಿಳಿಯುತ್ತಿರಲಿಲ್ಲ. ಇರಲಿ, ಅವನಿಗೇನಂತೆ? ಒಂದೇ ಅಂಗಡಿಯಲ್ಲಿ ಎರಡು ಯಾಕೆ ಅಂತ ರಟ್ಟವ್ವನನ್ನು ಮೂಲೆಗೆ ಹಾಕಿದ. "ಇದ್ದವರು ಬಳಸ್ರಿ, ಹೊಸದು ಕೊಡೂದಿಲ್ಲ, ರಿಪೇರಿನೂ ಇಲ್ಲ" ಅಂದ. ಕೆಲವು ವರ್ಷ ಕಳೆದು ಅವನೂ ಕಣ್ಣು ಮುಚ್ಚಿದ. ವ್ಯಾಪಾರ ಮಗ ರಾಚಪ್ಪನ ಕೈಗೆ ಬಂತು.

ಇತ್ತ ನೇಕಾರರ ಮನೆಗಳಲ್ಲಿ ಹಳೆಯ ಕಂಪ್ಯೂಟರುಗಳು ಒಂದೊಂದಾಗಿ ಕೆಟ್ಟವು. ಹೊಸದರಲ್ಲಿ ರಟ್ಟವ್ವ ಕೂರುತ್ತಿರಲಿಲ್ಲ. ರಟ್ಟುಮಾಲೆ ಒಂದೆರಡು ವರ್ಷಕ್ಕೆ ಸವೆದು ಹರಿಯುತ್ತದೆ, ಹಾಗಾಗಿ ಒಂದು ಕಂಪ್ಯೂಟರ್ ಕೆಟ್ಟರೆ ಒಂದು ಮನೆಯ ಮಗ್ಗ ನಿಂತಂತೆ. ನಲವತ್ತು ಮನೆ ಹತ್ತಾಯಿತು, ಹತ್ತು ಮೂರಾಯಿತು. ಇಪ್ಪತ್ತಾರು ವರ್ಷ ಕಳೆಯುವ ಹೊತ್ತಿಗೆ ಉಳಿದದ್ದು ದಾನವ್ವನ ಮನೆಯದು ಒಂದೇ. ಕಡೆಗೆ ಅದೂ ಕೆಟ್ಟಿತು.

ದಾನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. "ಅಣ್ಣಾ, ಕಂಪ್ಯೂಟರ್ ಹೋತ್ರಿ. ಹೊಸಾದು ತಂದೀನಿ, ಅದರಾಗ ರಟ್ಟವ್ವ ಬರವಲ್ಲಳು. ಮದುವಿ ಸೀರಿ ಹನ್ನೆರಡು ಒಪ್ಪಕೊಂಡೀನಿ, ಹುಣಸೆಹೂವಿನ ಅಂಚಿನವು. ಇವು ಕೊಟ್ಟರ ಮಗ್ಗ ಉಳೀತಾವು, ಇಲ್ಲಂದ್ರ ಮುಗೀತು. ನೀವ ಬರದದ್ದು, ನೀವ ಸರಿ ಮಾಡ್ರಿ."

ಮಾಗುಂಡಪ್ಪನಿಗೆ ಆಗ ಅರವತ್ತಾರು. ಕಣ್ಣು ಅರ್ಧಕ್ಕರ್ಧ ಹೋಗಿತ್ತು. ಆದರೆ ತಲೆ ಗಟ್ಟಿಯಿತ್ತು. ಒಳಬರಹ ಸಿಕ್ಕರೆ, ಯಾರಾದರೂ ಓದಿ ಹೇಳಿದರೆ, ಒಂದು ವಾರದಲ್ಲಿ ಹೊಸ ಕಂಪ್ಯೂಟರಿಗೆ ಹೊಂದಿಸಬಲ್ಲೆ ಅನ್ನಿಸಿತು. ಕೋಟು ಹಾಕಿಕೊಂಡು, ಕೋಲು ಹಿಡಿದು ರಾಚಪ್ಪನ ಅಂಗಡಿಗೆ ಹೋದ.

"ಬರ್ರಿ ಕಾಕಾ, ಕೂಡ್ರಿ. ಚಾ ಹೇಳ್ಲೇನು?" ರಾಚಪ್ಪ ಎದ್ದು ನಿಂತು ಕುರ್ಚಿ ಕೊಟ್ಟ. ಮರ್ಯಾದೆಗೆ ಏನೂ ಕಡಿಮೆಯಿರಲಿಲ್ಲ.

"ಚಾ ಬ್ಯಾಡಪ್ಪಾ. ರಟ್ಟವ್ವನ ಒಳಬರಹ ಒಂದು ವಾರದ ಮಟ್ಟಿಗೆ ಕೊಡು. ದಾನವ್ವನ ಮಗ್ಗ ನಿಂತಾವು."

ರಾಚಪ್ಪ ತಲೆ ಕೆರೆದುಕೊಂಡ. "ಕಾಕಾ, ತಪ್ಪು ತಿಳೀಬ್ಯಾಡ್ರಿ. ಅದು ಈಗ ನಮ್ಮ ಆಸ್ತಿ. ಅಂಗಡೀನ ಒಂದು ದೊಡ್ಡ ಕಂಪನಿ ಕೊಳ್ಳೂದೈತಿ. ಆಸ್ತಿ ಪಟ್ಟಿಯೊಳಗ ರಟ್ಟವ್ವನ ಹಕ್ಕೂ ಐತಿ. ಈಗ ಒಬ್ಬರಿಗೆ ಬಿಟ್ಟುಕೊಟ್ಟರ ಆ ಹಕ್ಕಿಗೆ ಕಿಮ್ಮತ್ತು ಇಲ್ಲ ಅಂತಾರ ವಕೀಲರು."

"ನೀವು ಬಳಸೂದಿಲ್ಲ, ಮಾರೂದಿಲ್ಲ. ಸುಮ್ಮನ ಬಿದ್ದೈತಿ."

"ಬಿದ್ದಿರಲಿ ಕಾಕಾ. ಸುಮ್ಮನ ಇಟ್ಟುಕೊಳ್ಳೋದೂ ಹಕ್ಕ ಅಲ್ಲೇನ್ರಿ?"

ಮಾಗುಂಡಪ್ಪ ಕೋಲನ್ನು ನೆಲಕ್ಕೆ ಊರಿದ. ಆಮೇಲೆ ಅಂದ, "ಹಂಗಾರ ಹೊಸಾದ ಬರೀತೀನಿ. ನನ್ನ ತಲ್ಯಾಗ ಐತಿ."

"ಅದಕ್ಕೂ ಬರೂದಿಲ್ಲ ಕಾಕಾ. ಕಾಗದದಾಗ ಐತಿ, ನೀವ ಸಹಿ ಮಾಡೀರಿ."

"ಎಲ್ಲೀತನಕ?"

ರಾಚಪ್ಪ ಬೆರಳು ಮಡಚಿ ಎಣಿಸಿದ. "ನೀವು ಎಂಬತ್ತರತನಕ ಗಟ್ಟಿ ಇರ್ತೀರಿ ಅಂತ ಇಟ್ಟುಕೊಳ್ರಿ. ಹದಿನಾಕು ವರ್ಷ. ನಿಮ್ಮ ಹಿಂದ ಅರವತ್ತು. ಒಟ್ಟು ಎಪ್ಪತ್ತನಾಕು ವರ್ಷ ಆತು. ಅಪ್ಪ ಹೇಳ್ತಿದ್ರು, ಅವರು ಹತ್ತು ವರ್ಷ ಸಾಕು ಅಂದಿದ್ದರಂತ. ನೀವ ಪೂರಾ ಹಾಕ್ರಿ ಅಂದ್ರಂತ."

ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹುಡುಗ ಬೈಯಲೂ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಆತಪ್ಪಾ. ಅದನ್ನ ಜೋಪಾನರೆ ಇಟ್ಟೀರಿಲ್ಲೋ? ನನ್ನ ಕಾಲದಾಗ ಬ್ಯಾಡ, ಮುಂದ ಯಾರಿಗರೆ ಬೇಕಾಗ್ತೈತಿ. ಒಮ್ಮೆ ತೋರಿಸು" ಅಂದ ಮಾಗುಂಡಪ್ಪ.

ರಾಚಪ್ಪನಿಗೆ ಕನಿಕರ ಬಂತು. ಆಳನ್ನು ಕಳಿಸಿ ಅಟ್ಟದಿಂದ ಒಂದು ತಗಡಿನ ಡಬ್ಬಿ ಇಳಿಸಿದ. ಮುಚ್ಚಳ ತುಕ್ಕು ಹಿಡಿದು ತೆಗೆಯಲು ಬರಲಿಲ್ಲ, ಸ್ಕ್ರೂಡ್ರೈವರ್ ಹಾಕಿ ಮೀಟಿದರು. ಒಳಗೆ ಹನ್ನೆರಡು ಫ್ಲಾಪಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಲೆ ಬೂದು ಬಣ್ಣದ ಬೂಷ್ಟು. ಒಂದನ್ನು ಬಿಡಿಸಹೋದರೆ ಒಳಗಿನ ಕರಿ ಹಾಳೆ ಬೆರಳಿಗೆ ಅಂಟಿಕೊಂಡು ಸುಲಿದು ಬಂತು. ಮಾಗುಂಡಪ್ಪ ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ತನ್ನ ಅಕ್ಷರದ ಚೀಟಿಯಲ್ಲಿ ಅಂಕಿಯೊಂದು ಬಿಟ್ಟರೆ ಏನೂ ಉಳಿದಿರಲಿಲ್ಲ.

"ಇದನ್ನ ಓದೋ ಯಂತ್ರಾನೂ ಈಗ ನಮ್ಮ ಕಡೆ ಸಿಗೂದಿಲ್ಲ ಕಾಕಾ" ಅಂದ ರಾಚಪ್ಪ ಮೆಲ್ಲಗೆ.

"ಹಂಗಾರ ನೀ ಇಟ್ಟುಕೊಂಡದ್ದು ಏನು?" ಅಂತ ಕೇಳಿದ ಮಾಗುಂಡಪ್ಪ.

ರಾಚಪ್ಪ ಡಬ್ಬಿಯ ಮುಚ್ಚಳ ಹಾಕಿ ಮತ್ತೆ ಅಟ್ಟಕ್ಕೆ ಕಳಿಸಿದ. ಪಟ್ಟಿಯಲ್ಲಿ ಹೆಸರಿದೆಯಲ್ಲ, ಎಸೆಯುವಂತಿಲ್ಲ ನೋಡಿ.

ಮಾಗುಂಡಪ್ಪ ಮನೆಗೆ ಬಂದು ಹಳೆಯ ಉಳಿ ಸುತ್ತಿಗೆ ಹುಡುಕಿ ತೆಗೆದ. "ನಾನೂರು ರಟ್ಟು ಅಲ್ಲೇನು? ಕೈಲೇ ಹೊಡೀತೀನಿ" ಅಂದ ದಾನವ್ವನಿಗೆ. ಊರಿಗೆಲ್ಲ ಆ ಕೆಲಸ ಗೊತ್ತಿದ್ದವನು ಈಗ ಅವನೊಬ್ಬನೇ. ಹಗಲಿಡೀ ಅಂಗಳದ ಬಿಸಿಲಿಗೆ ಕೂತು, ಬೆರಳಿನಿಂದ ಚೌಕ ಸವರಿ ಸವರಿ ತೂತು ಹೊಡೆದ. ಮೂರು ವಾರದ ಕೆಲಸಕ್ಕೆ ಎರಡು ತಿಂಗಳು ಹಿಡಿಯಿತು. ಮಾಲೆ ಕಟ್ಟಿ ಮಗ್ಗಕ್ಕೆ ಏರಿಸಿದರು. ದಾನವ್ವ ಲಾಳಿ ಒಗೆದಳು. ಒಂದು ಗೇಣು, ಎರಡು ಗೇಣು ನೇಯ್ದಳು. ಹೂವಿನ ಎಸಳುಗಳು ಎಲ್ಲೆಲ್ಲೋ ಚೆಲ್ಲಾಪಿಲ್ಲಿ ಬಿದ್ದಿದ್ದವು. ಅಂಚಿನ ನಡುವೆ ಎಳೆಗಳು ಸಡಿಲವಾಗಿ ಜೋತುಬಿದ್ದಿದ್ದವು.

"ಹೆಂಗ ಬಂದೈತಿ?" ಅಂತ ಕೇಳಿದ ಮಾಗುಂಡಪ್ಪ. ಅವನಿಗೆ ಕಾಣಿಸುತ್ತಿರಲಿಲ್ಲ.

"ಚಲೋ ಬಂದೈತ್ರಿ ಅಣ್ಣಾ" ಅಂದಳು ದಾನವ್ವ.

ಅವನು ಕೈಚಾಚಿ ಅಂಚನ್ನು ಮುಟ್ಟಿದ. ಐವತ್ತು ವರ್ಷ ಅಂಚು ಮುಟ್ಟಿದ ಬೆರಳು ಅವು. ಸಡಿಲ ಎಳೆ ಸಿಕ್ಕಿದೊಡನೆ ಕೈ ಹಿಂದಕ್ಕೆ ತೆಗೆದುಕೊಂಡ. ರಸ್ತೆ ದಾಟಿ ಮನೆಗೆ ಹೋದ. ದಾನವ್ವ ಮಧ್ಯಾಹ್ನವೆಲ್ಲ ಕೂತು ಆ ಎರಡು ಗೇಣನ್ನು ಎಳೆ ಎಳೆಯಾಗಿ ಬಿಚ್ಚಿದಳು. ಮದುವೆಯ ಮನೆಯವರು ಕಾಯುವಷ್ಟು ಕಾದು, ಗಿರಣಿಯ ಸೀರೆ ಕೊಂಡರು.

ಒಂದು ತಿಂಗಳಲ್ಲಿ ದಾನವ್ವನ ಎರಡೂ ಮಗ್ಗ ಗುಜರಿಗೆ ಹೋದವು. ಕಟ್ಟಿಗೆ ಬೇರೆ, ಕಬ್ಬಿಣ ಬೇರೆ ಮಾಡಿ ಒಯ್ದರು. ರಟ್ಟುಗಳನ್ನು ಕೇಳುವವರೇ ಇರಲಿಲ್ಲ, ಆಕೆ ಒಲೆಗೆ ಹಾಕಿ ನೀರು ಕಾಯಿಸಿಕೊಂಡಳು. ಕೆಂಚನಗುಡ್ಡದಲ್ಲಿ ಅಂಚು ನೇಯುವ ಮಗ್ಗ ಅಲ್ಲಿಗೆ ಮುಗಿಯಿತು. ಹುಣಸೆಹೂವಿನ ಅಂಚು ಹೇಗಿತ್ತು ಅಂದರೆ ಇವತ್ತು ಬರೆದು ತೋರಿಸುವವರು ಆ ಊರಲ್ಲಿ ಒಬ್ಬರೂ ಇಲ್ಲ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ದಾನವ್ವ ಬೇರೆ ಊರಿನ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಕೆಲಸಕ್ಕೆ ಸೇರಿದಳು. ಸಿಟ್ಟು ಬರುವುದಿಲ್ಲವೇ ನಿಮಗೆ? ನನಗೆ ಬರುತ್ತದೆ. ಆದರೆ ಯಾರ ಮೇಲೆ ತೀರಿಸಿಕೊಳ್ಳುವುದು? ಕಾಗದ ಸರಿಯಿತ್ತು, ಸಹಿ ಸರಿಯಿತ್ತು, ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ.

ಊರು ಬಿಡುವ ದಿನ ದಾನವ್ವ ಗಂಟು ಕಟ್ಟಿಕೊಂಡು ಮಾಗುಂಡಪ್ಪನ ಮನೆಗೆ ಬಂದಳು. ಅವನು ಕಟ್ಟೆಯ ಮೇಲೆ ಕೂತಿದ್ದ. ಆಕೆ ಬಗ್ಗಿ ಕಾಲು ಮುಟ್ಟಿದಳು.

"ಬರ್ತೀನ್ರಿ ಅಣ್ಣಾ. ನಿಮ್ಮ ಮ್ಯಾಲ ನನಗೇನೂ ಸಿಟ್ಟಿಲ್ಲ. ಆರೋಗ್ಯ ನೋಡಿಕೊಳ್ರಿ. ನೂರು ವರ್ಷ..."

ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡಳು. ರಾಚಪ್ಪ ಬೆರಳು ಮಡಚಿ ಎಣಿಸಿದ ಸುದ್ದಿ ಊರಿಗೆಲ್ಲ ಗೊತ್ತಿತ್ತು.

ಮಾಗುಂಡಪ್ಪ ತಲೆ ಎತ್ತಲಿಲ್ಲ. "ನಿಲ್ಲಿಸಿದ್ದ ಚಲೋ ಆತು. ಅದನ್ನ ನಿಲ್ಲಿಸಬೇಕವ್ವಾ. ಯಾರೂ ನನಗ ಹಂಗ ಹರಸಬ್ಯಾಡ್ರಿ. ನಾ ಒಂದು ವರ್ಷ ಹೆಚ್ಚಿಗಿ ಬದುಕಿದ್ರ, ಆ ಹಕ್ಕಿನ ಬೀಗಾನೂ ಒಂದು ವರ್ಷ ಹೆಚ್ಚಿಗಿ ಬದುಕ್ತೈತಿ" ಅಂದ.

ದಾನವ್ವ ಗಂಟು ಎತ್ತಿಕೊಂಡಳು. ಬಸ್ಸು ಬಂತು, ಹತ್ತಿಕೊಂಡು ಹೋದಳು.

ನೀತಿ: ದುಡಿದವನಿಗೆ ತನ್ನ ದುಡಿಮೆಯ ಫಲ ಸಿಗುವಷ್ಟು ಕಾಲ ಹಕ್ಕು ಇರಲೇಬೇಕು, ಅದು ನ್ಯಾಯ. ಆದರೆ ಹಕ್ಕುಸ್ವಾಮ್ಯವಾಗಲಿ ಪೇಟೆಂಟ್ ಆಗಲಿ, ಕಾಯುವ ವಸ್ತುವಿನ ಆಯುಸ್ಸಿಗಿಂತ ಉದ್ದವಾಗಬಾರದು. ತಂತ್ರಾಂಶ ಹತ್ತು ಹದಿನೈದು ವರ್ಷಕ್ಕೆ ಮುದಿಯಾಗುತ್ತದೆ. ಅದಕ್ಕೆ ನೂರು ವರ್ಷದ ಬೀಗ ಹಾಕಿದರೆ, ಬೀಗ ತೆರೆಯುವ ದಿನ ಒಳಗೆ ಏನೂ ಇರುವುದಿಲ್ಲ, ಹೊರಗೆ ಕಾಯುವವರೂ ಇರುವುದಿಲ್ಲ. ತನ್ನ ಕೆಲಸ ತನ್ನ ನಂತರವೂ ಬದುಕಲಿ ಅನ್ನುವವನು ಅದನ್ನು ಬೇಗ ಬಿಟ್ಟುಕೊಡಲು ಕಲಿಯಬೇಕು.